ದೇವರು, ದೊರೆ, ದುಡ್ಡು: ರೋಮನ್ ನಾಣ್ಯಗಳ ಮೇಲಿನ ದೇವತೆಗಳನ್ನು ವಿದ್ವಾಂಸರು ಓದಿದ ಬಗೆ

ಕ್ರಿ.ಶ. 361ರಿಂದ 363ರವರೆಗೆ ರೋಮನ್ ಸಾಮ್ರಾಜ್ಯವನ್ನು ಆಳಿದ ಜೂಲಿಯನ್ ದೊಡ್ಡ ಗಾತ್ರದ ಕಂಚಿನ ನಾಣ್ಯವೊಂದನ್ನು ಹೊರಡಿಸಿದ. ಅದರ ಮುಮ್ಮುಖದಲ್ಲಿ ಗಡ್ಡ ಬಿಟ್ಟ ದೊರೆಯ ಮುಖ. ಹಿಮ್ಮುಖದಲ್ಲಿ ನಿಂತ ಹೋರಿ, ಅದರ ಮೇಲ್ಗಡೆ ಎರಡು ನಕ್ಷತ್ರ, ಸುತ್ತಲೂ ರಾಜ್ಯದ ಭದ್ರತೆಯನ್ನು ಸಾರುವ ಲ್ಯಾಟಿನ್ ಒಕ್ಕಣೆ. ಕ್ರೈಸ್ತನಾಗಿ ಬೆಳೆದು, ಆ ಮತವನ್ನು ತೊರೆದು, ಹಳೆಯ ದೇವತೆಗಳ ಪೂಜೆಗೆ ಮರಳಿದ ದೊರೆ ಈತ. ಹಾಗಾಗಿ ಆ ಹೋರಿ ಅಂದಿನಿಂದಲೂ ಜನರನ್ನು ಕೆಣಕುತ್ತ ಬಂದಿದೆ. ಸುಮಾರು ಮುಕ್ಕಾಲು ಶತಮಾನದ ನಂತರ ಚರ್ಚಿನ ಇತಿಹಾಸ ಬರೆದ ಕಾನ್‌ಸ್ಟಾಂಟಿನೋಪಲ್‌ನ ಸಾಕ್ರಟೀಸ್, ಜೂಲಿಯನ್ನನ ಬಲಿಯ ಹುಚ್ಚು ಎಷ್ಟಿತ್ತೆಂದರೆ ನಾಣ್ಯದ ಮೇಲೂ ಹೋರಿಯನ್ನೂ ಬಲಿಪೀಠವನ್ನೂ ಅಚ್ಚು ಹಾಕಿಸಿದ ಎಂದು ಹೇಳಿದ. ನಾಣ್ಯವನ್ನು ಹಿಡಿದು ನೋಡಿದರೆ ಹೋರಿ ಕಾಣುತ್ತದೆ. ಬಲಿಪೀಠ ಎಲ್ಲಿಯೂ ಇಲ್ಲ. ಆಧುನಿಕ ವಿದ್ವಾಂಸರಲ್ಲಿ ಕೆಲವರು ಅದನ್ನು ಈಜಿಪ್ಟಿನ ಏಪಿಸ್ ಹೋರಿ ಎಂದರು, ಕೆಲವರು ಮಿತ್ರ ದೇವತೆ ಕೊಲ್ಲುವ ಹೋರಿ ಎಂದರು, ಕೆಲವರು ವೃಷಭ ರಾಶಿ ಎಂದರು, ಇನ್ನು ಕೆಲವರು ಮಂದೆಯ ಮುಂದಾಳಾದ ಹೋರಿಯಲ್ಲಿ ಪ್ರಜೆಗಳ ಮುಂದಾಳಾದ ದೊರೆಯನ್ನು ಕಂಡರು. ಒಬ್ಬೊಬ್ಬರ ವಾದಕ್ಕೂ ಆಧಾರವಿದೆ, ಯಾವುದೂ ಉಳಿದವನ್ನು ತಳ್ಳಿಹಾಕುವಷ್ಟು ಗಟ್ಟಿಯಾಗಿಲ್ಲ.

ರೋಮನ್ ನಾಣ್ಯಗಳ ಧಾರ್ಮಿಕ ಚಿತ್ರಗಳ ಅಧ್ಯಯನ ಎದುರಿಸಿದ ಕಷ್ಟವೆಲ್ಲ ಈ ಒಂದು ನಾಣ್ಯದಲ್ಲಿದೆ. ಚಿತ್ರ ಚಿಕ್ಕದು, ಒಕ್ಕಣೆ ಚುಟುಕು, ಅದನ್ನು ಆರಿಸಿದವನ ಮಾತು ನಮಗೆ ದಕ್ಕಿಲ್ಲ. ಹೀಗಿರುವಾಗ ಒಂದು ನಾಣ್ಯವನ್ನು ಮುಂದಿಟ್ಟುಕೊಂಡು ದೊರೆಯ ನಂಬಿಕೆ ಏನಿತ್ತೆಂದು ಕೇಳುವುದು ಉತ್ತರ ಸಿಗದ ಪ್ರಶ್ನೆ. ಈ ಶಾಸ್ತ್ರದ ಸುಮಾರು ನಾಲ್ಕೂವರೆ ಶತಮಾನಗಳ ನಡೆಯನ್ನು ಗಮನಿಸಿದರೆ, ಅದು ಮುಂದೆ ಸರಿದದ್ದೆಲ್ಲ ಈ ಪ್ರಶ್ನೆಯನ್ನು ಕೈಬಿಟ್ಟಾಗ. ಯಾವ ದೇವತೆ ಯಾವ ವರ್ಷ, ಯಾವ ಲೋಹದಲ್ಲಿ, ಯಾವ ಟಂಕಸಾಲೆಯಿಂದ, ಎಷ್ಟು ಪ್ರಮಾಣದಲ್ಲಿ ಹೊರಟಳು, ಯಾವ ನೆಲದಲ್ಲಿ ಸಿಕ್ಕಳು ಎಂದು ಕೇಳತೊಡಗಿದ ಮೇಲೆ ನಾಣ್ಯ ಮಾತನಾಡಿತು. ಅದು ಆಡಿದ ಮಾತು ಕೂಡ ದೊರೆಯ ಅಂತರಂಗದ ಭಕ್ತಿಯ ಬಗ್ಗೆ ಅಲ್ಲ. ದೇವತೆಗಳಿಗೂ ಪ್ರಜೆಗಳಿಗೂ ನಡುವೆ ತನ್ನ ಸ್ಥಾನ ಯಾವುದೆಂದು ದೊರೆ ಹೇಳಿಕೊಂಡನೋ ಅದರ ಬಗ್ಗೆ. ಈ ಎರಡನ್ನೂ ಬೇರ್ಪಡಿಸಿ ನೋಡುವುದೇ ಈ ಕ್ಷೇತ್ರದ ನಿಜವಾದ ಗಳಿಕೆ ಎಂಬುದು ನನ್ನ ವಾದ.

ಆರಂಭದ ಹಂತದಲ್ಲಿ ನಾಣ್ಯವೆಂದರೆ ಪುಟ್ಟ ಚಿತ್ರಶಾಲೆ. ಗ್ಯುಯೋಮ್ ದು ಶುಲ್ ಎಂಬ ಫ್ರೆಂಚ್ ವಿದ್ವಾಂಸ 1556ರಲ್ಲಿ ಲಿಯೋನ್ ನಗರದಲ್ಲಿ ಪ್ರಾಚೀನ ರೋಮನರ ಧರ್ಮದ ಬಗ್ಗೆ ಗ್ರಂಥ ಪ್ರಕಟಿಸಿದಾಗ, ದೇವಾಲಯ, ಬಲಿ, ಪುರೋಹಿತರ ಸಲಕರಣೆ ಎಲ್ಲಕ್ಕೂ ನಾಣ್ಯಗಳ ಚಿತ್ರಗಳನ್ನೇ ಸಾಕ್ಷಿಯಾಗಿ ಇಟ್ಟ. ಪುಸ್ತಕಗಳಲ್ಲಿ ಹೆಸರು ಮಾತ್ರ ಉಳಿದಿದ್ದ ವಸ್ತುಗಳಿಗೆ ನಾಣ್ಯ ರೂಪ ಕೊಟ್ಟಿತು. ಆ ಉಪಕಾರ ಸಣ್ಣದಲ್ಲ. ಆದರೆ ಅಗಸ್ಟಸ್‌ನ ಕಾಲದ ಬಲಿಪೀಠವೂ ಮುನ್ನೂರು ವರ್ಷ ತರುವಾಯದ ಬಲಿಪೀಠವೂ ಅಲ್ಲಿ ಒಂದೇ ಪುಟದಲ್ಲಿ ಕೂತವು, ಕಾಲವೆಂಬುದು ಕಳೆದುಹೋಯಿತು. ಆ ಗೊಂದಲಕ್ಕೆ ಶಿಸ್ತು ತಂದವನು ವಿಯೆನ್ನಾದ ಜೋಸೆಫ್ ಎಕ್‌ಹೆಲ್. 1792ರಿಂದ 1798ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಅವನ ಲ್ಯಾಟಿನ್ ಗ್ರಂಥ ಖೋಟಾ ನಾಣ್ಯಗಳನ್ನು ಹೊರಗಿಟ್ಟು, ಉಳಿದವನ್ನು ಪ್ರದೇಶ ಮತ್ತು ಕಾಲದ ಕ್ರಮದಲ್ಲಿ ಜೋಡಿಸಿತು. ಮುಂದಿನ ಶತಮಾನದಲ್ಲಿ ಜರ್ಮನ್ ಇತಿಹಾಸಕಾರ ಮೋಮ್ಸೆನ್ 1860ರ ತನ್ನ ಕೃತಿಯಲ್ಲಿ ನಾಣ್ಯವನ್ನು ಹಣಕಾಸು ಮತ್ತು ಅಧಿಕಾರದ ಇತಿಹಾಸದೊಳಗೆ ತಂದ. ಅದೇ ಹೊತ್ತಿಗೆ ಪ್ಯಾರಿಸ್‌ನಲ್ಲಿ ಆನ್ರಿ ಕೊಹೆನ್ ರಚಿಸಿದ ದೊಡ್ಡ ಪಟ್ಟಿ ಸಂಗ್ರಾಹಕರ ಕೈಪಿಡಿಯಾಯಿತು. ಪ್ರತಿ ದೊರೆಯ ನಾಣ್ಯಗಳನ್ನೂ ಅವನು ಒಕ್ಕಣೆಯ ಅಕ್ಷರಾನುಕ್ರಮದಲ್ಲಿ ಇಟ್ಟ. ಹುಡುಕಲು ಇದು ಸುಲಭ. ಆದರೆ ಇಪ್ಪತ್ತು ವರ್ಷ ಆಳಿದವನು ಪಟ್ಟಕ್ಕೆ ಬಂದಾಗ ಯಾರನ್ನು ಕರೆದ, ಯುದ್ಧ ಸೋತಾಗ ಯಾರನ್ನು ಕರೆದ ಎಂಬ ಸರಣಿ ಅಲ್ಲಿ ಮಾಯವಾಗುತ್ತದೆ.

ಆ ಸರಣಿಯನ್ನು ಮರಳಿ ಕಟ್ಟಿದವರಲ್ಲಿ ಬ್ರಿಟಿಷ್ ಮ್ಯೂಸಿಯಂನ ಹೆರಾಲ್ಡ್ ಮ್ಯಾಟಿಂಗ್ಲಿಯ ಹೆಸರು ಮೊದಲು ಬರಬೇಕು. 1923ರಲ್ಲಿ ಮ್ಯೂಸಿಯಂನ ನಾಣ್ಯಸೂಚಿಯ ಮೊದಲ ಸಂಪುಟವೂ, ಸಿಡೆನ್‌ಹ್ಯಾಮ್ ಜೊತೆಗೂಡಿ ರೂಪಿಸಿದ ‘ರೋಮನ್ ಇಂಪೀರಿಯಲ್ ಕಾಯಿನೇಜ್’ ಮಾಲೆಯ ಮೊದಲ ಸಂಪುಟವೂ ಹೊರಬಂದವು. ಈ ಎರಡನೆಯ ಮಾಲೆ ಹತ್ತನೆಯ ಸಂಪುಟ ತಲುಪಿದ್ದು 1994ರಲ್ಲಿ. ದೊರೆಯ ಬಿರುದುಗಳಲ್ಲಿ ಬರುವ ಕಾನ್ಸಲ್ ಹುದ್ದೆಯ ಸಂಖ್ಯೆ, ಟ್ರಿಬ್ಯೂನ್ ಅಧಿಕಾರದ ವರ್ಷ ಇವನ್ನು ಹಿಡಿದು ನಾಣ್ಯವನ್ನು ಇಂಥ ವರ್ಷದ್ದೆಂದು ಗುರುತಿಸುವ ಕೆಲಸ ಈ ಸೂಚಿಗಳಿಂದ ವ್ಯವಸ್ಥಿತವಾಯಿತು. ಮ್ಯಾಟಿಂಗ್ಲಿಯ ಇನ್ನೊಂದು ಒಳನೋಟ ಇಂದಿಗೂ ಬೆಲೆಯುಳ್ಳದ್ದು. ರೋಮನ್ ನಾಣ್ಯಗಳಲ್ಲಿ ಜುಪಿಟರ್, ಮಾರ್ಸ್, ವೀನಸ್‌ರಷ್ಟೇ ಧಾರಾಳವಾಗಿ ಶಾಂತಿ, ಸೌಹಾರ್ದ, ಕ್ಷೇಮ, ನಂಬುಗೆ, ಭಕ್ತಿ ಮುಂತಾದ ಗುಣಗಳೂ ಸ್ತ್ರೀರೂಪದಲ್ಲಿ ನಿಂತಿರುತ್ತವೆ. ಹತ್ತೊಂಬತ್ತನೆಯ ಶತಮಾನದ ಓದುಗರು ಇವನ್ನು ಒಣ ರೂಪಕಗಳೆಂದು ಬದಿಗೆ ಸರಿಸಿದ್ದರು. ಅವು ಪೂಜೆ ಪಡೆಯುತ್ತಿದ್ದ ಶಕ್ತಿಗಳೆಂದು ಮ್ಯಾಟಿಂಗ್ಲಿ 1937ರ ಪ್ರಬಂಧದಲ್ಲಿ ವಾದಿಸಿದ. ಸೌಹಾರ್ದದ ದೇವತೆ ಕಾಂಕೋರ್ಡಿಯಾಗೆ ರೋಮ್‌ನ ನಡುಚೌಕದಲ್ಲಿ ಗುಡಿಯಿತ್ತು. ಶಾಂತಿದೇವತೆ ಪಾಕ್ಸ್‌ಗೆ ಕ್ರಿ.ಪೂ. 9ರಲ್ಲಿ ಅಗಸ್ಟಸ್‌ನ ಬಲಿಪೀಠ, ಕ್ರಿ.ಶ. 75ರಲ್ಲಿ ವೆಸ್ಪೇಸಿಯನ್ನನ ದೇವಾಲಯ ಸಮರ್ಪಿತವಾದವು. ಗುಡಿ, ಹರಕೆ, ಬಲಿ ಇರುವ ಶಕ್ತಿಯನ್ನು ದೇವತೆ ಅಲ್ಲವೆನ್ನಲು ನಮಗೆ ಯಾವ ಅಧಿಕಾರವಿದೆ? ರಾಜಕೀಯ ಚಿತ್ರ ಬೇರೆ, ಧಾರ್ಮಿಕ ಚಿತ್ರ ಬೇರೆ ಎಂಬ ವಿಂಗಡಣೆ ಇಲ್ಲಿಯೇ ಕುಸಿಯುತ್ತದೆ. ಈ ಲೇಖನದಲ್ಲಿ ನಾನು ಧಾರ್ಮಿಕ ಚಿತ್ರ ಎನ್ನುವಾಗ ಆ ವಿಶಾಲ ವ್ಯಾಪ್ತಿಯನ್ನೇ ಇಟ್ಟುಕೊಂಡಿದ್ದೇನೆ.

ಮ್ಯಾಟಿಂಗ್ಲಿಯ ಪೀಳಿಗೆ ಒಂದು ಮಾತನ್ನು ಮಾತ್ರ ತೀರ ಸಲೀಸಾಗಿ ಒಪ್ಪಿಕೊಂಡಿತ್ತು: ನಾಣ್ಯ ಸರ್ಕಾರದ ಪ್ರಚಾರ ಸಾಧನ ಎಂದು. ಎರಡು ಮಹಾಯುದ್ಧಗಳ ನಡುವಿನ ಯುರೋಪು ಭಿತ್ತಿಪತ್ರ, ಬಾನುಲಿ, ಮೆರವಣಿಗೆಗಳಿಂದ ಜನಾಭಿಪ್ರಾಯ ತಿದ್ದುವುದನ್ನು ಕಣ್ಣಾರೆ ಕಂಡಿತ್ತು. ಪತ್ರಿಕೆಯಿಲ್ಲದ ರೋಮ್‌ನಲ್ಲಿ ಆ ಕೆಲಸ ಮಾಡಿದ್ದು ನಾಣ್ಯವೇ ಎನ್ನುವುದು ಸಹಜವಾಗಿ ತೋರಿತು. ಮೈಕೆಲ್ ಗ್ರಾಂಟ್‌ನ ಕೃತಿಗಳು ಈ ಓದನ್ನು ಜನಪ್ರಿಯಗೊಳಿಸಿದವು. 1956ರಲ್ಲಿ ಮ್ಯಾಟಿಂಗ್ಲಿಯ ಗೌರವಗ್ರಂಥದಲ್ಲಿಯೇ ಎ.ಎಚ್.ಎಂ. ಜೋನ್ಸ್ ಇದಕ್ಕೆ ತಡೆ ಹಾಕಿದ. ನಾಣ್ಯದ ಚಿತ್ರಗಳನ್ನು ಇಂದಿನ ಅಂಚೆ ಚೀಟಿಯ ಚಿತ್ರಗಳಿಗಿಂತ ಹೆಚ್ಚು ಗಂಭೀರವಾಗಿ ಏಕೆ ಎಣಿಸಬೇಕು, ಬಹುಪಾಲು ಜನ ಅವನ್ನು ನೋಡುತ್ತಿದ್ದರು ಎನ್ನಲು ಸಾಕ್ಷಿ ಎಲ್ಲಿದೆ ಎಂಬುದು ಅವನ ಪ್ರಶ್ನೆ. ಸದರ್‌ಲ್ಯಾಂಡ್ 1959ರಲ್ಲಿ ಉತ್ತರ ಕೊಟ್ಟ. ಕ್ರಾಫರ್ಡ್ 1983ರಲ್ಲಿ ಜೋನ್ಸ್‌ನ ಸಂದೇಹವನ್ನು ಇನ್ನಷ್ಟು ಮೊನಚು ಮಾಡಿದ. ಈ ಚರ್ಚೆ ಕೆಲವೊಮ್ಮೆ ಬಿಸಿಯೇರಿದ್ದು ನಿಜ, ಆದರೆ ಇದಿಲ್ಲದೆ ಕ್ಷೇತ್ರ ಮುಂದೆ ಹೋಗುತ್ತಿರಲಿಲ್ಲ. ಸುಲಭದ ಒಪ್ಪಿಗೆಗಿಂತ ಗಟ್ಟಿಯಾದ ಆಕ್ಷೇಪಣೆ ಎಷ್ಟೋ ಮೇಲು.

ಜೋನ್ಸ್‌ನ ಆಕ್ಷೇಪಣೆಯನ್ನು ಪ್ರಾಚೀನ ಬರಹಗಳ ಎದುರು ಇಟ್ಟು ನೋಡೋಣ. ಅಗಸ್ಟಸ್ ತನ್ನ ಜಾತಕವನ್ನು ಬಹಿರಂಗಪಡಿಸಿ, ಮಕರ ರಾಶಿಯ ಚಿಹ್ನೆಯಿರುವ ಬೆಳ್ಳಿ ನಾಣ್ಯ ಹೊಡೆಸಿದ ಎಂದು ರೋಮನ್ ಚರಿತ್ರಕಾರ ಸ್ಯುಟೋನಿಯಸ್ ಬರೆದಿದ್ದಾನೆ. ಅಂಥ ನಾಣ್ಯಗಳು ಈಗಲೂ ಇವೆ. ಆಂಟಿಯೋಕ್‌ನ ಜನ ತನ್ನ ನಾಣ್ಯಗಳನ್ನು ಹೀಯಾಳಿಸಿದರೆಂದು ಜೂಲಿಯನ್ ತಾನೇ ದೂರಿಕೊಂಡಿದ್ದಾನೆ. ಕಾನ್‌ಸ್ಟಂಟೈನ್ ಸತ್ತ ಮೇಲೆ ಹೊರಟ ನಾಣ್ಯದಲ್ಲಿ ಅವನು ರಥವೇರಿ ಹೋಗುತ್ತಿರುವುದನ್ನೂ, ಆಕಾಶದಿಂದ ಚಾಚಿದ ಕೈ ಅವನನ್ನು ಬರಮಾಡಿಕೊಳ್ಳುವುದನ್ನೂ ಬಿಷಪ್ ಯುಸೇಬಿಯಸ್ ಕಂಡಂತೆ ವರ್ಣಿಸಿದ್ದಾನೆ. ಹಾಗಾಗಿ ಯಾರೂ ನೋಡಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಹಾಗೆಂದು ಸಾಕ್ಷಿ ಹೇರಳವಾಗಿಯೂ ಇಲ್ಲ. ಇರುವುದು ಅಕ್ಷರಸ್ಥರ, ಅರಮನೆಗೆ ಹತ್ತಿರದವರ ಅಥವಾ ಮತದ ಕಾರಣಕ್ಕೆ ಕಣ್ಣಿಟ್ಟವರ ಮಾತು. ಸಾಕ್ರಟೀಸನಂತೆ ಇಲ್ಲದ ಬಲಿಪೀಠವನ್ನು ಕಂಡವರೂ ಅವರಲ್ಲಿದ್ದರು. ಈ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಬಾರ್ಬರಾ ಲೆವಿಕ್ 1982ರಲ್ಲಿ ಸೂಚಿಸಿದಳು: ಚಿತ್ರದ ಮೊದಲ ಓದುಗ ದೊರೆಯೇ, ಅಧಿಕಾರಿಗಳು ಅವನಿಗೆ ಸಲ್ಲಿಸಿದ ಗೌರವ ಅದು ಎಂದು. ಆಂಡ್ರೂ ವಾಲೆಸ್-ಹ್ಯಾಡ್ರಿಲ್ 1986ರಲ್ಲಿ ನಾಣ್ಯದ ಎರಡೂ ಮುಖಗಳನ್ನು ಒಟ್ಟಿಗೆ ಓದಿದ. ಗಣರಾಜ್ಯದ ಕಾಲದಲ್ಲಿ ಸಾಮಾನ್ಯವಾಗಿ ದೇವತೆಯ ತಲೆಯಿದ್ದ ಕಡೆ ಈಗ ದೊರೆಯ ತಲೆ ಬಂದಿತ್ತು. ಹಿಂಬದಿಯ ದೇವತೆ ಆ ತಲೆಗೆ ಅಧಿಕಾರದ ಆಧಾರವಾಗಿ ನಿಂತಳು. ನಾಣ್ಯವನ್ನು ನಂಬಿ ಕೈಗೆ ತೆಗೆದುಕೊಳ್ಳುವುದಕ್ಕೂ ಆ ಅಧಿಕಾರವನ್ನು ಒಪ್ಪುವುದಕ್ಕೂ ನಂಟಿದೆ ಎಂಬುದು ಅವನ ತರ್ಕ. ಮನವೊಲಿಕೆ ಎಂಬ ಕಲ್ಪನೆಯ ಬದಲು ಸಂಬಂಧ ಎಂಬ ಕಲ್ಪನೆ ಇಲ್ಲಿ ಬರುತ್ತದೆ. ನನಗೆ ಇದು ನಿರ್ಣಾಯಕ ತಿರುವಾಗಿ ಕಾಣುತ್ತದೆ.

ಕರ್ನಾಟಕದ ನೆಲದಲ್ಲಿ ಸಿಕ್ಕ ನಾಣ್ಯಗಳಿಂದಲೇ ಇದನ್ನು ಪರೀಕ್ಷಿಸಬಹುದು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳ ನಿಧಿ ದೊರೆಯಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಸಾತವಾಹನರ ಕಾಲದ ಪದರಗಳ ನಡುವೆ ರೋಮನ್ ದೊರೆ ತೈಬೀರಿಯಸ್‌ನ ದಿನಾರಿ ಎಂಬ ಬೆಳ್ಳಿ ನಾಣ್ಯ ಸಿಕ್ಕಿತು. ದಕ್ಷಿಣ ಭಾರತದ ಬೆಳ್ಳಿ ನಿಧಿಗಳಲ್ಲಿ ಎರಡು ಬಗೆಗಳದ್ದೇ ಮೇಲುಗೈ. ಒಂದು ಅಗಸ್ಟಸ್‌ನದು: ಅವನ ದತ್ತುಮಕ್ಕಳಾದ ಗಾಯಸ್ ಮತ್ತು ಲೂಸಿಯಸ್ ಗುರಾಣಿ, ಭರ್ಜಿಗಳೊಂದಿಗೆ ನಿಂತಿದ್ದಾರೆ, ಮೇಲ್ಗಡೆ ಒಬ್ಬನ ಪೌರೋಹಿತ್ಯವನ್ನು ಸೂಚಿಸುವ ತರ್ಪಣದ ಸೌಟು, ಇನ್ನೊಬ್ಬನ ಶಕುನ ನೋಡುವ ಪದವಿಯನ್ನು ಸೂಚಿಸುವ ಡೊಂಕು ಕೋಲು. ಇನ್ನೊಂದು ತೈಬೀರಿಯಸ್‌ನದು: ರಾಜದಂಡವನ್ನೂ ರೆಂಬೆಯನ್ನೂ ಹಿಡಿದು ಕುಳಿತ ಸ್ತ್ರೀ, ಸುತ್ತ ‘ಮಹಾಪುರೋಹಿತ’ ಎಂಬ ದೊರೆಯ ಬಿರುದು. ಎರಡರಲ್ಲೂ ಪ್ರಧಾನ ದೇವತೆಯ ವಿಗ್ರಹ ಎದ್ದು ನಿಲ್ಲುವುದಿಲ್ಲ. ಎದ್ದು ಕಾಣುವುದು ದೊರೆಯ ಮನೆತನಕ್ಕೆ ದೇವತೆಗಳ ಬಳಿ ಹೋಗುವ ಹಕ್ಕಿದೆ ಎಂಬ ಘೋಷಣೆ. ರೋಮನ್ ಪ್ರಜೆಗೆ ಆ ಸೌಟು, ಕೋಲುಗಳ ಅರ್ಥ ತಿಳಿದಿದ್ದೀತು. ಇಲ್ಲಿನ ವರ್ತಕನಿಗೆ ಬೇಕಾದದ್ದು ಬೆಳ್ಳಿಯ ತೂಕ. ಸಿಂಹಳದ ಅರಸ ರೋಮನ್ ದಿನಾರಿಗಳನ್ನು ಕಂಡು, ಮುಖಗಳು ಬೇರೆ ಬೇರೆಯಾದರೂ ತೂಕ ಒಂದೇ ಇರುವುದನ್ನು ಮೆಚ್ಚಿದನೆಂದು ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ. ದಖನ್ನಿನಲ್ಲಿ ಕೆಲವರು ನಾಣ್ಯಕ್ಕೆ ತೂತು ಕೊರೆದು ಕೊರಳಿಗೆ ಹಾಕಿಕೊಂಡರು. ಕೊಂಡಾಪುರ, ತೇರ್‌ನಂಥ ಕಡೆ ಸುಟ್ಟ ಮಣ್ಣಿನಲ್ಲಿ ಅದರ ಅನುಕರಣೆಗಳನ್ನು ಮಾಡಿದರು. ಚಿತ್ರದ ಅರ್ಥ ಲೋಹದೊಂದಿಗೆ ಹಡಗೇರಿ ಬರುವುದಿಲ್ಲ, ಅದು ನೋಡುವವರ ಸಮಾಜದಲ್ಲಿದೆ ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉದಾಹರಣೆ ಸಿಗುವುದು ಕಷ್ಟ.

ಸಂಬಂಧವನ್ನು ಓದಬೇಕಾದರೆ ಅದು ಎಷ್ಟು ಸಲ, ಎಷ್ಟು ಗಟ್ಟಿಯಾಗಿ ಹೇಳಲ್ಪಟ್ಟಿತೆಂದು ತಿಳಿಯಬೇಕು. ಸೂಚಿಗಳಲ್ಲಿ ಒಂದೇ ಪ್ರತಿ ಉಳಿದಿರುವ ನಾಣ್ಯಕ್ಕೂ ಲಕ್ಷಾಂತರ ಹೊರಟ ನಾಣ್ಯಕ್ಕೂ ತಲಾ ಒಂದೇ ಸಾಲು. ಅಪರೂಪದ ಚಿತ್ರ ವಿದ್ವಾಂಸರ ಕಣ್ಣು ಸೆಳೆಯುತ್ತದೆ, ಆದರೆ ಸಾಮಾನ್ಯನ ಚೀಲದಲ್ಲಿ ಇದ್ದದ್ದು ಬೇರೆ. ಈ ಅಸಮತೋಲನ ಸರಿಪಡಿಸಲು ನಿಧಿಗಳು ನೆರವಾದವು. ಬಲ್ಗೇರಿಯಾದ ರೇಕಾ ದೇವ್ನ್ಯಾದಲ್ಲಿ 1929ರಲ್ಲಿ ಸಿಕ್ಕ ನಿಧಿಯೊಂದರಲ್ಲೇ ದಾಖಲಾದ ಬೆಳ್ಳಿ ನಾಣ್ಯಗಳು 81,000ಕ್ಕೂ ಹೆಚ್ಚು. ಇಂಥ ನಿಧಿಗಳನ್ನು ಒಟ್ಟುಗೂಡಿಸಿ ಕಾರ್ಲೋಸ್ ನೊರೆನ್ಯ 2001ರ ಪ್ರಬಂಧದಲ್ಲೂ 2011ರ ಪುಸ್ತಕದಲ್ಲೂ ಲಕ್ಷಕ್ಕೂ ಮಿಕ್ಕ ದಿನಾರಿಗಳನ್ನು ಲೆಕ್ಕ ಹಾಕಿದ. ದೊರೆಯ ಗುಣಗಳಲ್ಲಿ ನ್ಯಾಯಯುತ ಅಳತೆಯ ದೇವತೆ ಎಕ್ವಿಟಾಸ್‌ಗೆ ಮೊದಲ ಸ್ಥಾನ, ದೇವತೆಗಳಿಗೂ ಹಿರಿಯರಿಗೂ ಸಲ್ಲಿಸುವ ನಿಷ್ಠೆಯಾದ ಪಿಯೆಟಾಸ್‌ಗೆ ಎರಡನೆಯ ಸ್ಥಾನ. ತತ್ತ್ವಜ್ಞರು ದೊರೆಗೆ ಬಹಳವಾಗಿ ಬೋಧಿಸಿದ ಕ್ಷಮಾಗುಣ ಹಿಂದೆ ಉಳಿಯಿತು. ಗ್ರಂಥಗಳನ್ನಷ್ಟೇ ಓದಿದವರು ಈ ಫಲಿತಾಂಶವನ್ನು ಊಹಿಸುತ್ತಿರಲಿಲ್ಲ. ನೆದರ್‌ಲ್ಯಾಂಡ್ಸ್‌ನ ನೈಮೇಗನ್ ಶಿಬಿರದ ನಾಣ್ಯಗಳನ್ನು ಅಭ್ಯಸಿಸಿದ ಫ್ಲೂರ್ ಕೆಮ್ಮರ್ಸ್ 2006ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಳು: ಫ್ಲೇವಿಯನ್ ದೊರೆಗಳ ಕಾಲದಲ್ಲಿ ಗಡಿಯ ಸೈನ್ಯಕ್ಕೆ ತಲುಪಿದ ಕಂಚಿನ ನಾಣ್ಯಗಳಲ್ಲಿ ಸೈನ್ಯಕ್ಕೆ ಒಪ್ಪುವ ಚಿತ್ರಗಳು ಆಕಸ್ಮಿಕವೆನ್ನಲಾಗದ ಪ್ರಮಾಣದಲ್ಲಿದ್ದವು. ಯಾರಿಗೆ ಯಾವ ಚಿತ್ರ ಎಂದು ಯೋಚಿಸಿದವರು ಇದ್ದರು ಎನ್ನಲು ಇದು ಬಲವಾದ ಆಧಾರ. ಜೋನ್ಸ್ ಕೇಳಿದ್ದ ಸಾಕ್ಷಿ ಗ್ರಂಥಗಳಿಂದ ಬಾರದೆ ನೆಲದಿಂದ ಬಂತು.

ಎಣಿಕೆಗೂ ಆಕ್ಷೇಪಣೆಗಳಿವೆ, ಅವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನಿಧಿಯೆಂದರೆ ಬಳಕೆಯಲ್ಲಿದ್ದ ಹಣದ ಯಥಾಪ್ರತಿ ಅಲ್ಲ. ಒಳ್ಳೆಯ ಬೆಳ್ಳಿಯ ನಾಣ್ಯವನ್ನು ಆರಿಸಿ ಹೂಳುವುದು ಮನುಷ್ಯಸ್ವಭಾವ. ರೇಕಾ ದೇವ್ನ್ಯಾದಂಥ ಒಂದೇ ದೈತ್ಯ ನಿಧಿ ಇಡೀ ಲೆಕ್ಕವನ್ನು ತನ್ನ ಕಡೆಗೆ ಎಳೆಯಬಲ್ಲದು. ಅಲ್ಲದೆ ಬೆಳ್ಳಿಯ ಲೆಕ್ಕ ಬಡವರ ಕಂಚಿಗೆ ಅನ್ವಯಿಸುವುದಿಲ್ಲ. ಇವೆಲ್ಲ ಸರಿ. ಆದರೆ ಬೇರೆ ಬೇರೆ ಪ್ರಾಂತ್ಯಗಳ ನಿಧಿಗಳಲ್ಲಿ ಚಿತ್ರಗಳ ಪಾಲು ಒಂದಕ್ಕೊಂದು ಹೊಂದಿಕೊಂಡಾಗ ಸಂಶಯ ತಗ್ಗುತ್ತದೆ; ಬೆಳ್ಳಿಯನ್ನು ಆರಿಸಿ ಹೂಳುವವನು ಲೋಹದ ಗುಣ ನೋಡುತ್ತಾನೆಯೇ ಹೊರತು ಒಂದೇ ವರ್ಷದ ಎರಡು ನಾಣ್ಯಗಳಲ್ಲಿ ಮಿನರ್ವಾಳನ್ನು ಇಟ್ಟುಕೊಂಡು ವಿಕ್ಟೋರಿಯಾಳನ್ನು ಬಿಡುವುದಿಲ್ಲ. ಚಿತ್ರ ಆರಿಸಿದವನು ದೊರೆಯೋ ಟಂಕಸಾಲೆಯ ಅಧಿಕಾರಿಯೋ ಎಂಬ ಹಳೆಯ ತಕರಾರಿಗೂ ಇಲ್ಲಿ ಅರ್ಧ ಉತ್ತರ ಸಿಗುತ್ತದೆ. ಆರಿಸಿದ ಕೈ ಯಾವುದೇ ಇರಲಿ, ಆ ಚಿತ್ರ ಹೊರಟದ್ದು ದೊರೆಯ ಹೆಸರಿನಲ್ಲಿ. ಡೊಮಿಷಿಯನ್ನನ ಬೆಳ್ಳಿ ನಾಣ್ಯಗಳಲ್ಲಿ ಮಿನರ್ವಾ ನಾಲ್ಕು ಭಂಗಿಗಳಲ್ಲಿ ವರ್ಷದಿಂದ ವರ್ಷಕ್ಕೆ ಮರಳುತ್ತಾಳೆ, ಉಳಿದ ದೇವತೆಗಳಿಗೆ ಜಾಗವೇ ಇಲ್ಲವೆನ್ನುವಷ್ಟು; ಅವನು ಮಿನರ್ವಾಳನ್ನು ವಿಪರೀತವಾಗಿ ಆರಾಧಿಸುತ್ತಿದ್ದನೆಂದು ಸ್ಯುಟೋನಿಯಸ್ ಬೇರೆಯಾಗಿಯೇ ಹೇಳುತ್ತಾನೆ. ಆಂಟೋನೈನಸ್ ಪಯಸ್ ತನ್ನ ಪತ್ನಿ ಫೌಸ್ಟಿನಾ ತೀರಿಕೊಂಡ ಮೇಲೆ ಅವಳನ್ನು ದೇವತೆಯೆಂದು ಸಾರಿ, ಇಪ್ಪತ್ತು ವರ್ಷಗಳ ಕಾಲ ಅವಳ ಹೆಸರಿನಲ್ಲಿ ಹೊರಡಿಸಿದ ನಾಣ್ಯಗಳ ರಾಶಿಯನ್ನು ನೋಡಿದರೆ, ದೈವೀಕರಣವೆಂಬುದು ಒಂದು ದಿನದ ವಿಧಿಯಾಗಿರದೆ ರಾಜ್ಯದ ನಿತ್ಯದ ಮಾತಾಗಿತ್ತು ಎಂದು ಮನವರಿಕೆಯಾಗುತ್ತದೆ.

ಈ ವಿಧಾನ ಅತ್ಯಂತ ಫಲ ಕೊಟ್ಟದ್ದು ಮೂರನೆಯ ಶತಮಾನದ ಅಧ್ಯಯನದಲ್ಲಿ. ಕ್ಲೇರ್ ರೋವನ್ ಸೆವೆರಸ್ ವಂಶದ ಬಗ್ಗೆ, ಎರಿಕಾ ಮ್ಯಾಂಡರ್ಸ್ 193ರಿಂದ 284ರವರೆಗಿನ ಅವಧಿಯ ಬಗ್ಗೆ ಬರೆದ ಪುಸ್ತಕಗಳು 2012ರಲ್ಲಿ ಜೊತೆಜೊತೆಯಾಗಿ ಬಂದವು. ಸೆಪ್ಟಿಮಿಯಸ್ ಸೆವೆರಸ್ ಆಫ್ರಿಕದ ಲೆಪ್ಟಿಸ್ ಮ್ಯಾಗ್ನಾ ನಗರದವನು. ಆ ಊರಿನ ಕುಲದೇವತೆಗಳು ಹರ್ಕ್ಯುಲಿಸ್ ಮತ್ತು ಲೀಬರ್ ಎಂಬ ರೋಮನ್ ಹೆಸರಿನಲ್ಲಿ ಅವನ ನಾಣ್ಯಗಳನ್ನೇರಿದರು. ಮಗ ಕ್ಯಾರಕಾಲಾನ ಕೊನೆಯ ವರ್ಷಗಳಲ್ಲಿ ಅಪೋಲೋ, ಈಸ್ಕುಲೇಪಿಯಸ್, ಸೆರಾಪಿಸ್ ಸರತಿಯಲ್ಲಿ ಬರುತ್ತಾರೆ. ರೋಗದಿಂದ ನರಳಿದ ಆ ದೊರೆ ಇದೇ ದೇವತೆಗಳ ಮೊರೆಹೊಕ್ಕನೆಂದು ಇತಿಹಾಸಕಾರ ಕ್ಯಾಸಿಯಸ್ ಡಿಯೋ ಬರೆದಿದ್ದಾನೆ. 218ರಲ್ಲಿ ಪಟ್ಟವೇರಿದ ಎಲಗಾಬಲಸ್‌ನ ಪ್ರಕರಣ ಇನ್ನೂ ಸ್ವಾರಸ್ಯಕರ. ಸಿರಿಯಾದ ಎಮೆಸಾ ನಗರದ ಸೂರ್ಯದೇವರ ಪೂಜಾರಿಯಾಗಿದ್ದ ಈ ಹುಡುಗ ದೇವರ ಕಪ್ಪು ಶಿಲೆಯನ್ನು ರೋಮ್‌ಗೆ ತಂದು, ಜುಪಿಟರ್‌ನಿಗಿಂತ ಮೇಲಿಟ್ಟನೆಂಬುದು ಪ್ರಾಚೀನ ಲೇಖಕರ ಆರೋಪ. ನಾಲ್ಕು ಕುದುರೆಗಳ ರಥದಲ್ಲಿ ಆ ಶಂಕುವಿನಾಕಾರದ ಶಿಲೆ ಕುಳಿತ ನಾಣ್ಯಗಳಿವೆ, ಚಿತ್ರಪುಸ್ತಕಗಳೆಲ್ಲ ಅವನ್ನೇ ಅಚ್ಚು ಹಾಕುತ್ತವೆ. ಆದರೆ ಕಾಲಾನುಕ್ರಮದಲ್ಲಿ ಜೋಡಿಸಿದಾಗ, ಮೊದಲ ವರ್ಷಗಳಲ್ಲಿ ರೋಮ್‌ನ ಟಂಕಸಾಲೆ ಹೊರಡಿಸಿದ್ದು ಬಹುಪಾಲು ಹಳೆಯ ಪರಿಚಿತ ದೇವತೆಗಳನ್ನು. ಸಿರಿಯಾದ ಉಡುಪಿನಲ್ಲಿ ಬಲಿಪೀಠದ ಮುಂದೆ ನಿಂತ ಪುರೋಹಿತ ದೊರೆ ಕಾಣಿಸಿಕೊಂಡದ್ದು 220ರ ಸುಮಾರಿನಿಂದ ಈಚೆಗೆ. ಆಗಲೂ ಹಳೆಯ ದೇವತೆಗಳು ನಾಣ್ಯದಿಂದ ಅಳಿದುಹೋಗಲಿಲ್ಲ. ಹೊಸ ದೇವರನ್ನು ಹೇರುವ ಹುಚ್ಚಿಗಿಂತ, ದೊರೆಯ ಪೌರೋಹಿತ್ಯವೆಂಬ ಹಳೆಯ ಮಾತನ್ನೇ ಅಪರಿಚಿತ ಉಡುಪಿನಲ್ಲಿ ಹೇಳಿದ ಅಚಾತುರ್ಯ ಅಲ್ಲಿ ಕಾಣುತ್ತದೆ.

ಇದಕ್ಕೆ ತದ್ವಿರುದ್ಧವಾದ ಸಾಕ್ಷಿ ಡೇಸಿಯಸ್‌ನದು, ಮತ್ತು ನನ್ನ ವಾದಕ್ಕೆ ಅದು ಎಲ್ಲಕ್ಕಿಂತ ಮುಖ್ಯ. 249ರಲ್ಲಿ ಅಧಿಕಾರಕ್ಕೆ ಬಂದ ಇವನು ಸಾಮ್ರಾಜ್ಯದ ನಿವಾಸಿಗಳೆಲ್ಲರೂ ದೇವತೆಗಳಿಗೆ ಬಲಿ ಸಲ್ಲಿಸಬೇಕೆಂದು ಆಜ್ಞೆ ಹೊರಡಿಸಿದ. ಬಲಿ ಕೊಟ್ಟವರಿಗೆ ಬರೆದುಕೊಟ್ಟ ಪ್ರಮಾಣಪತ್ರಗಳು ಈಜಿಪ್ಟಿನ ಮರಳಿನಲ್ಲಿ ಪಪೈರಸ್ ರೂಪದಲ್ಲಿ ಸಿಕ್ಕಿವೆ. ಒಪ್ಪದ ಕ್ರೈಸ್ತರು ಶಿಕ್ಷೆಗೆ ಗುರಿಯಾದರು. ಧರ್ಮದ ವಿಷಯದಲ್ಲಿ ಇಷ್ಟು ವ್ಯಾಪಕವಾದ ಆಜ್ಞೆಯನ್ನು ಅದಕ್ಕೆ ಮುಂಚಿನ ಯಾವ ರೋಮನ್ ದೊರೆಯೂ ಹೊರಡಿಸಿರಲಿಲ್ಲ. ನಾಣ್ಯ ನೀತಿಯ ಕನ್ನಡಿಯಾಗಿದ್ದರೆ ಡೇಸಿಯಸ್‌ನ ನಾಣ್ಯಗಳಲ್ಲಿ ಜುಪಿಟರ್, ಬಲಿಪೀಠ, ಹೋಮದ ಹೊಗೆ ತುಂಬಿರಬೇಕಿತ್ತು. ಇರುವುದು ಡೇಸಿಯಾ ಮತ್ತು ಪನೋನಿಯಾ ಪ್ರಾಂತ್ಯಗಳ ರೂಪಗಳು, ಇಲಿರಿಯಾದ ಸೈನ್ಯದ ರಕ್ಷಕಶಕ್ತಿ, ಸಮೃದ್ಧಿ, ವಿಜಯ, ಕುದುರೆಯೇರಿ ನಗರ ಪ್ರವೇಶಿಸುವ ದೊರೆ. ಒಲಿಂಪಸ್‌ನ ಮಹಾದೇವತೆಗಳು ಬಹುತೇಕ ಗೈರುಹಾಜರು. ಅದೇ ಕಾಲಕ್ಕೆ ಸೇರುವ ಇನ್ನೊಂದು ಸರಣಿಯಲ್ಲಿ ಮಾತ್ರ ದೈವತ್ವಕ್ಕೇರಿದ ಹನ್ನೊಂದು ಹಿಂದಿನ ದೊರೆಗಳು, ಅಗಸ್ಟಸ್‌ನಿಂದ ಸೆವೆರಸ್ ಅಲೆಕ್ಸಾಂಡರ್‌ವರೆಗೆ, ಸಾಲಾಗಿ ನಿಲ್ಲುತ್ತಾರೆ. ಡೇಸಿಯಸ್ ತನ್ನ ನಂಬಿಕೆಯನ್ನು ಆಜ್ಞಾಪತ್ರದಲ್ಲಿ ಹೇಳಿದ. ನಾಣ್ಯದಲ್ಲಿ ಹೇಳಿದ್ದು ತಾನು ಯಾವ ಸೈನ್ಯದ ಬಲದಿಂದ, ಯಾವ ಪೂರ್ವಜರ ಸಾಲಿನಲ್ಲಿ ದೊರೆಯಾಗಿದ್ದೇನೆ ಎಂಬುದನ್ನು. ನಾಣ್ಯ ದೊರೆಯ ಭಕ್ತಿಯ ದಾಖಲೆಯಲ್ಲ ಎನ್ನಲು ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಹಾಗಾದರೆ ಸಂಕಟದ ದಿನಗಳಲ್ಲಿ ದೇವತೆಗಳು ಹಿಂಡುಹಿಂಡಾಗಿ ನಾಣ್ಯಕ್ಕೆ ಬಂದದ್ದೇಕೆ ಎಂದು ಕೇಳಬಹುದು. 260ರ ದಶಕದಲ್ಲಿ ಗ್ಯಾಲಿಯೆನಸ್‌ನ ನಾಣ್ಯದಲ್ಲಿ ಬೆಳ್ಳಿಯ ಪಾಲು ನೂರಕ್ಕೆ ಐದಕ್ಕೂ ಕೆಳಗಿಳಿದಿತ್ತು, ಗಡಿಗಳು ಒಡೆದಿದ್ದವು. ಆಗ ರೋಮ್‌ನಲ್ಲಿ ಡಯಾನಾಳ ಜಿಂಕೆ, ಲೀಬರ್‌ನ ಚಿರತೆ, ನೆಪ್ಚೂನ್‌ನ ಸಮುದ್ರಕುದುರೆ ಹೀಗೆ ಒಂದೊಂದು ದೇವತೆಗೆ ಒಂದೊಂದು ಪ್ರಾಣಿಯಿರುವ ಸರಣಿ ಹೊರಟಿತು. ಪ್ರತಿಯೊಂದರಲ್ಲೂ ಆ ದೇವತೆ ‘ದೊರೆಯ ರಕ್ಷಕ’. ಕೆಲವೇ ವರ್ಷಗಳಲ್ಲಿ ಆರೇಲಿಯನ್ ಆ ಗುಂಪಿಗಿಂತ ಹೆಚ್ಚಾಗಿ ಸೂರ್ಯನನ್ನು ಮುಂದಿಟ್ಟ, ಒಂದು ಸರಣಿಯಲ್ಲಿ ಅವನನ್ನು ರೋಮನ್ ಸಾಮ್ರಾಜ್ಯದ ಒಡೆಯ ಎಂದೇ ಕರೆದ. ಡಯೋಕ್ಲೀಷಿಯನ್ ಜುಪಿಟರ್‌ಗೆ ಮರಳಿದ. ದೇವತೆ ಬದಲಾಗುತ್ತಿದ್ದರೂ ವಾಕ್ಯದ ರಚನೆ ಬದಲಾಗಲಿಲ್ಲ: ಇಂಥ ದೈವ ಈ ದೊರೆಯನ್ನು ಕಾಯುತ್ತಿದೆ. ಸಿಂಹಾಸನ ಅಲುಗಿದಷ್ಟೂ ಆ ವಾಕ್ಯವನ್ನು ಒತ್ತಿ ಹೇಳಬೇಕಾಯಿತು.

ಕಾನ್‌ಸ್ಟಂಟೈನ್‌ನ ನಾಣ್ಯಗಳ ಮೇಲೆ ನಡೆದಷ್ಟು ವಾದ ಬೇರೆಯವರದರ ಮೇಲೆ ನಡೆದಿಲ್ಲ, ಏಕೆಂದರೆ ಅಲ್ಲಿ ಮತಾಂತರದ ಪ್ರಶ್ನೆಯಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೂಲ್ಸ್ ಮೋರಿಸ್‌ನಂಥ ವಿದ್ವಾಂಸರು ನಾಣ್ಯದ ಮೂಲೆಮೂಲೆಯಲ್ಲೂ ಶಿಲುಬೆಯನ್ನು ಹುಡುಕಿದರು. ಫಿನ್‌ಲ್ಯಾಂಡಿನ ಪ್ಯಾಟ್ರಿಕ್ ಬ್ರೂನ್ 1962ರಲ್ಲಿ ಆ ಹುಡುಕಾಟಕ್ಕೆ ಮಿತಿ ಹಾಕಿದ. ಶಿಲುಬೆಯಂತೆ ಕಾಣುವ ಎಷ್ಟೋ ಗುರುತುಗಳು ಟಂಕಸಾಲೆಯ ಒಳಗಿನ ಲೆಕ್ಕದ ಚಿಹ್ನೆಗಳು, ಸಾಮ್ರಾಜ್ಯದ ಘೋಷಣೆಗಳಲ್ಲ ಎಂದು ತೋರಿಸಿದ. ಅವನ ಮತಾಂತರದೊಂದಿಗೆ ತಳುಕು ಹಾಕುವ 312ರ ವಿಜಯದ ನಂತರವೂ ‘ಅಜೇಯ ಸೂರ್ಯ, ದೊರೆಯ ಸಂಗಾತಿ’ ಎಂಬ ನಾಣ್ಯ ಕಂಚಿನಲ್ಲಿ ಸುಮಾರು 318ರವರೆಗೆ ಹೇರಳವಾಗಿ ಹೊರಟಿತು. ಚಿನ್ನದಲ್ಲಿ ಸೂರ್ಯ 325ರವರೆಗೂ ಉಳಿದ. ಶಿರಸ್ತ್ರಾಣದ ಮೇಲೆ ಕ್ರಿಸ್ತನ ಸಂಕೇತಾಕ್ಷರವಿರುವ 315ರ ಟಿಸಿನಂ ಬೆಳ್ಳಿ ಪದಕ, ಹಾವನ್ನು ಚುಚ್ಚಿ ನಿಂತ ಧ್ವಜವಿರುವ 327ರ ಕಾನ್‌ಸ್ಟಾಂಟಿನೋಪಲ್ ಕಂಚಿನ ನಾಣ್ಯ, ಎರಡೂ ನಿಜವಾದ ಕ್ರೈಸ್ತ ಸಂಕೇತಗಳೇ, ಆದರೆ ಎರಡೂ ಅಪರೂಪ. ಇದರಿಂದ ಕಾನ್‌ಸ್ಟಂಟೈನ್ ಕಪಟಿ ಎಂದು ತೀರ್ಮಾನಿಸುವವರೂ ಇದ್ದಾರೆ, ಅವಸರದ ತೀರ್ಮಾನ ಅದು. ಅವನು ಚರ್ಚುಗಳನ್ನು ಕಟ್ಟಿಸುತ್ತಿದ್ದಾಗಲೇ ಸೂರ್ಯನಾಣ್ಯ ಹೊರಡುತ್ತಿತ್ತು ಎಂದರೆ, ನಾಣ್ಯ ಅವನ ಶ್ರದ್ಧೆಯನ್ನು ಹೇಳುವ ಜಾಗವಾಗಿರಲಿಲ್ಲ ಎಂದಷ್ಟೇ ಅರ್ಥ. ರೋಮ್ ನಗರದಲ್ಲಿ ಕ್ರೈಸ್ತ ದೊರೆಗಳ ಕಾಲದಲ್ಲೂ ಐಸಿಸ್ ದೇವತೆಯ ಚಿತ್ರವಿರುವ ತುಣುಕುಗಳು ಹೊರಟವೆಂದು ಆಂಡ್ರಿಯಾಸ್ ಆಲ್ಫೋಲ್ಡಿ 1937ರಲ್ಲಿಯೇ ತೋರಿಸಿದ್ದ. ಕ್ರೈಸ್ತ ಚಿತ್ರಕ್ರಮ ಗಟ್ಟಿಯಾದದ್ದು ನಿಧಾನಕ್ಕೆ. 420ರ ಸುಮಾರಿಗೆ ಎರಡನೆಯ ಥಿಯೊಡೋಸಿಯಸ್‌ನ ಚಿನ್ನದ ಸಾಲಿಡಸ್‌ನಲ್ಲಿ ಹಳೆಯ ವಿಜಯದೇವತೆ ಉದ್ದನೆಯ ಶಿಲುಬೆ ಹಿಡಿದು ನಿಂತಳು. ಕ್ರಿಸ್ತನ ಮುಖ ನಾಣ್ಯದ ಮುಮ್ಮುಖಕ್ಕೆ ಬಂದದ್ದು ಏಳನೆಯ ಶತಮಾನದ ಕೊನೆಯಲ್ಲಿ, ಎರಡನೆಯ ಜಸ್ಟಿನಿಯನ್ನನ ಕಾಲಕ್ಕೆ.

ಈಗ ಈ ಕ್ಷೇತ್ರದ ಆಕರಗಳು ಎಲ್ಲರ ಕೈಗೆಟಕುತ್ತಿವೆ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನಡೆಸುವ ಅಂತರ್ಜಾಲ ಸೂಚಿಯಲ್ಲಿ 40,000ಕ್ಕೂ ಹೆಚ್ಚು ಬಗೆಯ ರೋಮನ್ ನಾಣ್ಯಗಳನ್ನು ದೇವತೆ, ವರ್ಷ, ಟಂಕಸಾಲೆಯ ಪ್ರಕಾರ ಉಚಿತವಾಗಿ ಹುಡುಕಬಹುದು. ಆಕ್ಸ್‌ಫರ್ಡ್‌ನ ಯೋಜನೆಯೊಂದು ಸಾಮ್ರಾಜ್ಯದ ನಿಧಿಗಳನ್ನು ಒಂದೆಡೆ ತರುತ್ತಿದೆ. ಮೊದಲು ಜೀವಮಾನವೇ ಹಿಡಿಯುತ್ತಿದ್ದ ಎಣಿಕೆ ಇಂದು ವಿದ್ಯಾರ್ಥಿಯೊಬ್ಬನಿಗೆ ಸಾಧ್ಯ. ಕರ್ನಾಟಕದ ಪಾಲೂ ಇದರಲ್ಲಿದೆ: ಯಶವಂತಪುರ, ಚಂದ್ರವಳ್ಳಿಗಳ ಬೆಳ್ಳಿಯಿಂದ ಹಿಡಿದು ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಸಿಕ್ಕ ಪೂರ್ವ ರೋಮನ್ ಚಿನ್ನದವರೆಗೆ, ಮಹಾಪುರೋಹಿತ ದೊರೆಯಿಂದ ಕ್ರೈಸ್ತ ದೊರೆಗಳವರೆಗಿನ ನಾಣ್ಯಗಳು ನಮ್ಮ ನೆಲದಲ್ಲೇ ದೊರೆತಿವೆ. ಇವುಗಳಲ್ಲಿ ಪ್ರತಿಯೊಂದರ ತೂಕ, ಎರಡೂ ಮುಖಗಳ ಚಿತ್ರ, ಕೊರೆದ ತೂತು, ಉಳಿಯ ಗುರುತು, ಸಿಕ್ಕ ಜಾಗ ಇಷ್ಟನ್ನೂ ಆ ತೆರೆದ ಸೂಚಿಗಳಿಗೆ ಹೊಂದುವಂತೆ ಕನ್ನಡದಲ್ಲೂ ಪ್ರಕಟಿಸುವ ಕೆಲಸವನ್ನು ನಮ್ಮ ವಸ್ತುಸಂಗ್ರಹಾಲಯಗಳೂ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳೂ ಕೈಗೆತ್ತಿಕೊಳ್ಳಬೇಕು.